ಹಾಲಮ್ಮ ತುರಿದ ಹೆಲ್ಮೆಟ್ಟುಗಳು

ಹಾಲಮ್ಮನ ಕೂದಲಿನ ವಿಷಯ ಮೊದಲು ಹೇಳಬೇಕು. ಎಲ್ಲ ಶುರುವಾದದ್ದು ಅಲ್ಲಿಂದಲೇ.

ಅರವತ್ತು ದಾಟಿದ ಮೇಲೂ ಅವಳ ಜಡೆ ಮೊಣಕಾಲಿಗೆ ಬರುತ್ತಿತ್ತು. ನರೆತಿರಲಿಲ್ಲ ಎಂದಲ್ಲ. ನರೆತಿತ್ತು, ಆದರೆ ನರೆತದ್ದೂ ಅವಳಿಗೆ ಒಪ್ಪುತ್ತಿತ್ತು. ಸುತ್ತಿ ತುರುಬು ಕಟ್ಟಿದರೆ ಸುಲಿದ ತೆಂಗಿನಕಾಯಿಯಷ್ಟು ಆಗುತ್ತಿತ್ತು. ನನ್ನದು ನಿಂಬೆಹಣ್ಣಿನಷ್ಟು, ಅದೂ ತಲೆಗೆ ನೀರು ಹಾಕಿಕೊಂಡು ಒಣಗಿಸಿದ ದಿನ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಅವಳು ಜಗಲಿಯ ಮೇಲೆ ಕೂತು ಸಿಕ್ಕು ಬಿಡಿಸುವಾಗ ದಾರಿಯಲ್ಲಿ ಹೋಗುವ ಹೆಂಗಸರು ನಿಂತು, "ತಲೆಗೆ ಏನ್ ಹಾಕ್ತೀರಿ ಹಾಲಮ್ಮ?" ಎಂದು ಕೇಳುತ್ತಿದ್ದರು.

"ಕೊಬ್ಬರಿ ಎಣ್ಣೆ ಕಣ್ರೀ, ಇನ್ನೇನ್ ಹಾಕ್ಲಿ" ಎನ್ನುತ್ತಿದ್ದಳು.

ನಾನೂ ಕೊಬ್ಬರಿ ಎಣ್ಣೆಯನ್ನೇ ಹಾಕುವುದು. ಇಬ್ಬರದೂ ಒಂದೇ ಗಾಣದ್ದು. ನನ್ನನ್ನು ಯಾರೂ ಕೇಳಲಿಲ್ಲ.

ನಾವಿಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದವರು. ಅವಳು ಹೊಳೆಹೊನ್ನೂರಿನ ಕಡೆಯವಳು, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವಳು, ಅದಕ್ಕೇ ನನ್ನನ್ನು ಜಗದಕ್ಕ ಎನ್ನುತ್ತಾಳೆ. ನನ್ನ ಪೂರ್ತಿ ಹೆಸರು ಜಗದಾಂಬಾ. ಅವಳ ಗಂಡ ಶಿವಯೋಗಪ್ಪನವರೂ ನನ್ನ ಯಜಮಾನರೂ ಒಂದೇ ಕಾರ್ಖಾನೆಯಲ್ಲಿ ಒಂದೇ ಪಾಳಿಯಲ್ಲಿ ಇದ್ದರು. ನನ್ನವರು ನಿವೃತ್ತಿಗೆ ಮುಂಚೆಯೇ ತೀರಿಕೊಂಡರು. ಶಿವಯೋಗಪ್ಪನವರು ನಿವೃತ್ತರಾಗಿ ಮನೆಯಲ್ಲಿ ಕೂತು ಹೆಂಡತಿಗೆ ಕಾಫಿ ಮಾಡಿಕೊಡುವುದನ್ನು ಕಲಿತರು. ಗೋಡೆಯ ಆ ಕಡೆ ಲೋಟ ಇಡುವ ಸದ್ದು, ಆಮೇಲೆ "ಸಕ್ರೆ ಸಾಕೇನೇ?" ಎನ್ನುವ ಮಾತು ದಿನಾ ಕೇಳುತ್ತದೆ. ನನ್ನ ಕಾಫಿಗೆ ನಾನು ಎಷ್ಟು ಸಕ್ಕರೆ ಹಾಕಿಕೊಂಡರೂ ಕೇಳುವವರಿಲ್ಲ. ಹಾಲಮ್ಮನಿಗೆ ಮಕ್ಕಳಾಗಲಿಲ್ಲ. ನನಗೆ ಒಬ್ಬಳು ಮಗಳು, ಆ ಮಗಳಿಗೊಬ್ಬಳು ಮಗಳು ಗಗನಾ.

ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ ಮಾಚೇನಹಳ್ಳಿಯ ಕಡೆ ವಿಶ್ವಾರಾಧ್ಯ ಎಂಬವರದು ಒಂದು ಹೆಲ್ಮೆಟ್ ಕಾರ್ಖಾನೆ ಇದೆ. ದೊಡ್ಡದಲ್ಲ. ಪ್ಲಾಸ್ಟಿಕ್ ಕಾಳು ಕರಗಿಸಿ ಹೊರಚಿಪ್ಪು ಅಚ್ಚು ಹಾಕುವುದು, ಅದಕ್ಕೆ ಬಣ್ಣ ಹೊಡೆಯುವುದು, ಒಳಗೆ ಥರ್ಮಾಕೋಲಿನ ಬಟ್ಟಲು ಕೂರಿಸುವುದು, ಐಎಸ್ಐ ಗುರುತು ಅಂಟಿಸುವುದು ಎಲ್ಲ ಅಲ್ಲೇ. ಬಟ್ಟಲಿನ ಮೇಲೆ ಬರುವ ಮೆತ್ತೆ, ಗದ್ದದ ಕೆಳಗೆ ಕಟ್ಟುವ ಪಟ್ಟಿ, ಇವೆರಡರ ಹೊಲಿಗೆ ಮಾತ್ರ ನಮ್ಮಂಥವರ ಮನೆಗೆ ಬರುತ್ತದೆ. ಲಗೇಜ್ ಆಟೋದಲ್ಲಿ ಬಟ್ಟೆ ಬರುತ್ತದೆ, ಹೊಲಿದದ್ದು ಅದರಲ್ಲೇ ಹೋಗುತ್ತದೆ. ಪಟ್ಟಿ ನನ್ನದು, ಮೆತ್ತೆ ಹಾಲಮ್ಮನದು.

ಪಟ್ಟಿಯ ಹೊಲಿಗೆ ಎಂದರೆ ಮೊದಲು ಒಂದು ಚೌಕ, ಆಮೇಲೆ ಆ ಚೌಕದೊಳಗೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತು. ಎಳೆದು ಪರೀಕ್ಷೆ ಮಾಡುವಾಗ ಒಂದು ದಾರ ಸಡಿಲವಾದರೂ ಕಟ್ಟು ಪೂರ್ತಿ ವಾಪಸು ಬರುತ್ತದೆ. ನನ್ನ ಪಟ್ಟಿ ಒಂದು ಸಲವೂ ವಾಪಸು ಬಂದದ್ದಿಲ್ಲ. ಆದರೆ ಪಟ್ಟಿಯನ್ನು ನೋಡುವವರು ಯಾರು? ಅಂಗಡಿಯಲ್ಲಿ ಹೆಲ್ಮೆಟ್ ಕೊಳ್ಳುವವರು ಮೊದಲು ಕೈ ಒಳಗೆ ಹಾಕಿ ಮೆತ್ತೆ ಒತ್ತಿ ನೋಡುತ್ತಾರೆ. "ಆಹಾ, ಎಷ್ಟು ಮೆತ್ತಗಿದೆ" ಎನ್ನುತ್ತಾರೆ. ಹೊಗಳಿಕೆ ಹಾಲಮ್ಮನ ಕೈಕೆಲಸವನ್ನು ಅಂಗಡಿಯವರೆಗೂ ಹುಡುಕಿಕೊಂಡು ಹೋಗುತ್ತಿತ್ತು.

ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕೆಂದು ಪೊಲೀಸರು ಹಿಡಿಯಲು ಶುರು ಮಾಡಿದಾಗ ಕಷ್ಟ ಬಂದದ್ದು ಹಾಲಮ್ಮನಿಗೆ. ಶಿವಯೋಗಪ್ಪನವರ ಮೊಪೆಡ್ಡಿನಲ್ಲಿ ಅವಳು ವಾರಕ್ಕೊಮ್ಮೆಯಾದರೂ ಶಿವಮೊಗ್ಗೆಗೆ ಹೋಗುವವಳು. ಹೋದ ಸಲ ಅವರಿಬ್ಬರೂ ತ್ಯಾವರೆಕೊಪ್ಪಕ್ಕೆ ಹುಲಿ ನೋಡಲು ಹೋಗಿ ಬಂದಿದ್ದರು, ಈ ವಯಸ್ಸಿನಲ್ಲಿ. ಬಂದವಳು ಗೋಡೆಯ ಆ ಕಡೆಯಿಂದ ಹುಲಿ ಹೇಗೆ ಆಕಳಿಸಿತು ಎಂದು ನನಗೆ ಸದ್ದು ಮಾಡಿ ಕೇಳಿಸಿದಳು. ಈಗ ಹೆಲ್ಮೆಟ್ ಹಾಕಿಕೊಳ್ಳಲು ಹೋದರೆ ತುರುಬು ಅಡ್ಡ ಬಂದು, ಅದು ತಲೆಯ ಮೇಲೆ ಮಡಿಕೆಯ ಮೇಲಿನ ಮುಚ್ಚಳದ ಹಾಗೆ ಕೂತುಕೊಂಡಿತು. ತುರುಬು ಬಿಚ್ಚು ಎಂದರೆ, "ಬಿಚ್ಚೋಲೆ ಗೌರಿ ಥರ ಪೇಟೆಗೆ ಹೋಗ್ಲಾ?" ಎಂದಳು. ನನಗೆ ಒಳಗೊಳಗೇ ಸಮಾಧಾನವಾಯಿತು. ನನ್ನ ನಿಂಬೆಹಣ್ಣು ಯಾವ ಹೆಲ್ಮೆಟ್ಟಿಗೂ ಅಡ್ಡ ಬರುವುದಿಲ್ಲ. ಆದರೆ ನನ್ನನ್ನು ಕೂರಿಸಿಕೊಂಡು ಹೋಗುವವರಿಲ್ಲ.

ಮರುದಿನ ಬೆಳಿಗ್ಗೆ ಅವಳ ಅಡುಗೆಮನೆಯಿಂದ ಕರಕರ ಸದ್ದು. ಒಬ್ಬಟ್ಟಿಗೇನಾದರೂ ಕಾಯಿ ತುರಿಯುತ್ತಿದ್ದಾಳೇನೋ ಎಂದು ಇಣುಕಿದೆ. ಹಾಲಮ್ಮ ತುರಿಯುವ ಮಣೆಯ ಮೇಲೆ ಕೂತಿದ್ದಳು. ಕೈಯಲ್ಲಿ ಕಾಯಿ ಹೋಳಿನ ಬದಲು ಹೆಲ್ಮೆಟ್. ಮೆತ್ತೆ ಬಿಚ್ಚಿಟ್ಟು, ಒಳಗಿನ ಥರ್ಮಾಕೋಲನ್ನು ಮಣೆಯ ಹಲ್ಲಿಗೆ ಒತ್ತಿ, ಹೋಳು ತಿರುಗಿಸಿದ ಹಾಗೆ ತಿರುಗಿಸಿ ತಿರುಗಿಸಿ ತುರಿಯುತ್ತಿದ್ದಳು. ತಟ್ಟೆಯ ತುಂಬ ಬೆಳ್ಳಗೆ ಉದುರಿತ್ತು. ನೋಡಿದರೆ ಕಾಯಿತುರಿಯೇ.

"ಏನ್ ಮಾಡ್ತಿದೀಯ ಮಾರಾಯ್ತಿ?"

"ತುರುಬಿಗೆ ಗೂಡು ಮಾಡ್ತಿದೀನಿ ಜಗದಕ್ಕ. ನೋಡು, ಹಿಂದುಗಡೆ ಇಷ್ಟು ತೆಗೆದ್ರೆ ಸಾಕು. ಮೇಲೆ ಮೆತ್ತೆ ಮುಚ್ಚಿದ್ರೆ ಯಾರಿಗೂ ಕಾಣಲ್ಲ."

"ಕಾರ್ಖಾನೆಯೋರು ಕೊಟ್ಟಿದ್ದನ್ನ ತುರೀಬಾರ್ದು ಕಣೆ."

"ಯಾಕೆ?"

"ಯಾಕೆ ಅಂದ್ರೆ... ತುರೀಬಾರ್ದು."

ಕಾರಣ ನನಗೂ ಗೊತ್ತಿರಲಿಲ್ಲ. ಆ ಉಪಾಯ ನನಗೆ ಹೊಳೆಯಲಿಲ್ಲವಲ್ಲ ಎಂಬ ಉರಿಯಲ್ಲಿ ಬಂದ ಮಾತು ಅದು. ಅವಳಿಗೂ ಅದು ಗೊತ್ತಾಯಿತು. ನಕ್ಕು ತುರಿಯುವುದನ್ನು ಮುಂದುವರಿಸಿದಳು.

ಹೆಲ್ಮೆಟ್ ಸರಿಯಾಗಿ ಕೂತಿತು. ಕನಕಾಂಬರದ ಮಾಲೆಯ ಸಮೇತ ಕೂತಿತು. ಮೊಪೆಡ್ಡಿನ ಹಿಂದೆ ಹಾಲಮ್ಮ ಮಹಾರಾಣಿಯ ಹಾಗೆ ಹೋದದ್ದನ್ನು ಓಣಿಯವರೆಲ್ಲ ನೋಡಿದರು. ಮಾರನೆಯ ವಾರ ಶಾಲೆಯ ಟೀಚರ್ ಸೀತಾಲಕ್ಷ್ಮಿ ತಮ್ಮ ಹೆಲ್ಮೆಟ್ ಹಿಡಿದುಕೊಂಡು ಬಂದರು. ಆಮೇಲೆ ಅವರ ಶಾಲೆಯ ಇನ್ನಿಬ್ಬರು, ಬ್ಯಾಂಕಿನ ರಶ್ಮಿ, ರಶ್ಮಿಯ ಓರಗಿತ್ತಿ. ಇಪ್ಪತ್ತಕ್ಕೂ ಹೆಚ್ಚು ಹೆಲ್ಮೆಟ್ಟುಗಳು ಆ ಮಣೆಯ ಮೇಲೆ ತಿರುಗಿದವು. ಹಾಲಮ್ಮ ದುಡ್ಡು ಮುಟ್ಟುತ್ತಿರಲಿಲ್ಲ. ಬಂದವರು ಹೂವು ತರುತ್ತಿದ್ದರು. ಸಂಜೆಯಾದರೆ ಅವಳ ಮನೆ ಮಲ್ಲಿಗೆಯ ಘಮ ಬಿಡುತ್ತಿತ್ತು, ಆ ಘಮ ಗೋಡೆ ದಾಟಿ ನನ್ನ ಹೊಲಿಗೆ ಮಿಷನ್ನಿನವರೆಗೆ ಬರುತ್ತಿತ್ತು. ನಾನು ಕಿಟಕಿ ಹಾಕಿಕೊಂಡು ಹೊಲಿಯುತ್ತಿದ್ದೆ.

ಗಗನಾಳ ಹೆಲ್ಮೆಟ್ಟೂ ಆ ಮಣೆಗೆ ಹೋಯಿತು. ಅದೇ ನನಗೆ ಸಹಿಸಲು ಆಗದಿದ್ದದ್ದು.

ಗಗನಾ ನರ್ಸಿಂಗ್ ಮುಗಿಸಿ, ಸವಳಂಗ ರಸ್ತೆಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೆಲಸಕ್ಕೆ ಸೇರಿ, ನನ್ನ ಮನೆಯಲ್ಲೇ ಇದ್ದಾಳೆ. ದಿನಾ ಸ್ಕೂಟರಿನಲ್ಲಿ ಭದ್ರಾವತಿಯಿಂದ ಶಿವಮೊಗ್ಗೆಗೆ ಹೋಗಿ ಬರುವುದು, ಲಾರಿಗಳು ಓಡಾಡುವ ಹೆದ್ದಾರಿಯಲ್ಲಿ. ಆಸ್ಪತ್ರೆಯಲ್ಲಿ ತುರುಬು ಕಟ್ಟಿ ಬಲೆ ಹಾಕಿರಲೇಬೇಕು. ಅವಳ ಕೂದಲೂ ದಟ್ಟ. ಹುಟ್ಟುಗೂದಲಿನಿಂದ ಅವಳ ತಲೆ ಬಾಚಿದವಳು ನಾನು. ಅಂಥವಳು ಒಂದು ಸಂಜೆ ಹಾಲಮ್ಮನ ಜಗಲಿಯಿಂದ ಇಳಿದು ಬಂದು, "ಅಜ್ಜಿ, ನೋಡು! ಹಾಲಮ್ಮಜ್ಜಿ ಮಾಡಿಕೊಟ್ರು. ಮನೇಲೇ ತುರುಬು ಕಟ್ಕೊಂಡು ಹೊರಟ್ರೆ ಆಯ್ತು" ಎಂದಳು.

"ತೆಗಿ ಅದನ್ನ. ತುರಿದಿದ್ದು ಹಾಕ್ಬಾರ್ದು."

"ಶುರುವಾಯ್ತಾ? ನಿಂಗೆ ಹಾಲಮ್ಮಜ್ಜಿ ಕಂಡ್ರೆ ಹೊಟ್ಟೆಕಿಚ್ಚು."

ಬಾಯಿ ಬಿಟ್ಟರೆ ಅವಳ ಮಾತೇ ನಿಜವಾಗುತ್ತಿತ್ತು.

ಆಯುಧ ಪೂಜೆಗೆ ಮನೆಯಲ್ಲಿ ಹೊಲಿಯುವವರನ್ನೆಲ್ಲ ಕಾರ್ಖಾನೆಗೆ ಕರೆಯುವುದು ವಾಡಿಕೆ. ಹೋದ ವರ್ಷ ಹಾಲಮ್ಮ ತನ್ನ ತುರುಬಿನ ಹೆಲ್ಮೆಟ್ಟನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿಕೊಂಡು ಹೊರಟಳು. ಸಾಹುಕಾರ ವಿಶ್ವಾರಾಧ್ಯರಿಗೆ ತೋರಿಸುತ್ತಾಳಂತೆ. ಹೆಂಗಸರಿಗೆಂದೇ ಬೇರೆ ಅಚ್ಚು ಮಾಡಿಸಿ ಎಂದು ಹೇಳುತ್ತಾಳಂತೆ. ಶಿವಯೋಗಪ್ಪನವರು, "ಅದಕ್ಕೆ ನಿನ್ನ ಹೆಸರೇ ಇಡ್ತಾರೆ ನೋಡೇ" ಎಂದರು. ಆಟೋದಲ್ಲಿ ನನ್ನ ಪಕ್ಕದಲ್ಲೇ ಕೂತು ಆ ಗಂಟನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಹಾಲಮ್ಮ ಎಂದು ಹೆಸರು ಬರೆದ ಹೆಲ್ಮೆಟ್ಟುಗಳು ಸವಳಂಗ ರಸ್ತೆಯ ಅಂಗಡಿಗಳಲ್ಲಿ ಸಾಲಾಗಿ ತೂಗುವುದು ನನ್ನ ಕಣ್ಣಿಗೆ ಕಟ್ಟಿತು. ಅವುಗಳಿಗೆಲ್ಲ ಪಟ್ಟಿ ಹೊಲಿಯುವವಳು ನಾನು.

ಪೂಜೆ ಆಯಿತು, ಬೂದುಗುಂಬಳ ಒಡೆದರು. ಪೂಜೆಯಾದ ಮೇಲೆ ಪ್ರತಿಯೊಂದು ಯಂತ್ರವನ್ನೂ ಒಂದೇ ಒಂದು ಸಲ ಚಾಲೂ ಮಾಡಿ ನಿಲ್ಲಿಸುವುದು ಅಲ್ಲಿಯ ಪದ್ಧತಿ. ಅಚ್ಚಿನ ಯಂತ್ರ ಒಂದು ಚಿಪ್ಪು ಹಾಕಿ ನಿಂತಿತು. ಕೊನೆಗೆ ಪರೀಕ್ಷೆಯ ಕೋಣೆಗೆ ಬಂದೆವು. ಅಲ್ಲಿ ಕಬ್ಬಿಣದ್ದೊಂದು ತಲೆ ಇದೆ. ಕಣ್ಣು, ಮೂಗು, ಕಿವಿ ಏನೂ ಇಲ್ಲ. ಆ ತಲೆಗೆ ಹೆಲ್ಮೆಟ್ ತೊಡಿಸಿ, ಮೇಲಕ್ಕೆತ್ತಿ, ಕೆಳಗಿರುವ ಕಬ್ಬಿಣದ ದಿಮ್ಮಿಯ ಮೇಲೆ ಬೀಳಿಸುತ್ತಾರೆ. ಒಳಗೆ ಬಿದ್ದ ಏಟು ಕಂಪ್ಯೂಟರಿನ ಪರದೆಯ ಮೇಲೆ ಗೆರೆಯಾಗಿ ಬರುತ್ತದೆ. ಪರೀಕ್ಷೆ ಮಾಡುವವನು ಭೀಮೇಶ್ ಎಂಬ ಎಳೆಯ ವಯಸ್ಸಿನ ಇಂಜಿನಿಯರು.

"ಇದು ಯಾರ್ ತಲೆನೋ ತಮ್ಮ?" ಎಂದು ಹಾಲಮ್ಮ ಕೇಳಿದಳು.

"ಎಲ್ರದೂ ಅಮ್ಮ" ಎಂದ ಭೀಮೇಶ್.

ಅವಳು ವಸ್ತ್ರ ಬಿಚ್ಚಿದಳು. ವಿಶ್ವಾರಾಧ್ಯರು ಹೆಲ್ಮೆಟ್ ಕೈಗೆ ತೆಗೆದುಕೊಂಡು ಒಳಗೆ ನೋಡಿ ಭೀಮೇಶನಿಗೆ ಕೊಟ್ಟರು. ಭೀಮೇಶ್ ಮೆತ್ತೆ ಸರಿಸಿ ಬೆರಳಾಡಿಸಿ, "ಸರ್, ಹಿಂದೆ ಪೂರ್ತಿ ತೆಗೆದುಬಿಟ್ಟಿದಾರೆ" ಎಂದ.

"ಇವತ್ತಿನ ಒಂದು ಹೊಡೆತ ಇದಕ್ಕೇ ಆಗ್ಲಿ" ಎಂದರು ವಿಶ್ವಾರಾಧ್ಯರು. "ಬಾಯಲ್ಲಿ ಹೇಳೋದಕ್ಕಿಂತ ಅಮ್ಮ ಅವರೇ ನೋಡ್ಲಿ."

ನನಗೆ ಅದು ಮರ್ಯಾದೆಯಾಗಿಯೇ ಕಂಡಿತು. ವರ್ಷಕ್ಕೊಂದು ಮಂಗಳದ ಹೊಡೆತ, ಅದೂ ಅವಳ ಹೆಲ್ಮೆಟ್ಟಿಗೆ. ಪಕ್ಕದಲ್ಲಿದ್ದವರು ಚಪ್ಪಾಳೆ ತಟ್ಟಿದರು. ನನ್ನ ಕೈ ಸೆರಗಿನೊಳಗೇ ಇತ್ತು.

ತುರುಬಿನ ಗೂಡು ಕೆಳಗೆ ಬರುವ ಹಾಗೆ ತೊಡಿಸಿ ಬೀಳಿಸಿದರು. ದೊಡ್ಡ ಸದ್ದಾಯಿತು. ಹೆಲ್ಮೆಟ್ ತೆಗೆದು ನೋಡಿದರೆ ಹೊರಗೆ ಒಂದು ಬಿರುಕೂ ಇಲ್ಲ.

"ಒಡೆದೇ ಇಲ್ವಲ್ಲೋ!" ಎಂದು ಹಾಲಮ್ಮ ನನ್ನ ಕಡೆ ತಿರುಗಿ, "ನೋಡಿದ್ಯಾ ಜಗದಕ್ಕ?" ಎಂದಳು.

ಭೀಮೇಶ್ ಪರದೆ ತೋರಿಸಿದ. ಅಡ್ಡಕ್ಕೆ ಒಂದು ಕೆಂಪು ಗೆರೆ. ಏಟು ಅದರ ಕೆಳಗಿರಬೇಕು. ಹಾಲಮ್ಮನ ಹೆಲ್ಮೆಟ್ಟಿನ ಗೆರೆ ಕೆಂಪನ್ನು ದಾಟಿ, ಪರದೆಯ ತುದಿ ಮುಟ್ಟುವ ಹಾಗೆ ಎದ್ದು ನಿಂತಿತ್ತು.

"ಚಿಪ್ಪು ಒಡೆದಿಲ್ಲ ಅಮ್ಮ. ತಲೆ ಒಡೀತು" ಎಂದ.

ಹಾಲಮ್ಮ ಹೆಲ್ಮೆಟ್ಟನ್ನು ತಿರುಗಿಸಿ ಒಳಗೆ ನೋಡಿದಳು.

"ಥರ್ಮಾಕೋಲ್ ಇರೋದು ಕುಗ್ಗೋಕೆ. ಬಿದ್ದಾಗ ಅದು ಜಜ್ಜಿ ಹೋಗ್ಬೇಕು, ಆಗ ಏಟು ತಲೆಗೆ ನಿಧಾನಕ್ಕೆ ಬರುತ್ತೆ. ನೀವು ಅದನ್ನೇ ತುರಿದುಬಿಟ್ರಿ. ಕುಗ್ಗೋಕೆ ಏನೂ ಉಳಿದಿಲ್ಲ. ಮೆತ್ತೆ ಎಷ್ಟು ದಪ್ಪ ಇಟ್ರೂ ಅದು ಈ ಕೆಲ್ಸ ಮಾಡಲ್ಲ." ಆಮೇಲೆ ಅವಳ ತುರುಬಿನಲ್ಲಿ ಸಿಕ್ಕಿಸಿದ್ದ ಸಲಾಕೆಯಂಥ ಪಿನ್ನು ನೋಡಿ, "ಇಂಥದ್ದೂ ಹೆಲ್ಮೆಟ್ ಒಳಗಿರಬಾರ್ದು. ಪಿನ್ನು, ಕ್ಲಿಪ್ಪು, ಗಟ್ಟಿ ವಸ್ತು ಯಾವುದೂ. ಬಿದ್ರೆ ಅದೇ ಒಳಗೆ ನಾಟುತ್ತೆ" ಎಂದ.

ಹಿಂದಕ್ಕೆ ಬರುವಾಗ ಆಟೋದಲ್ಲಿ ಹಾಲಮ್ಮ ಆ ಗಂಟನ್ನು ಕಾಲ ಬುಡದಲ್ಲಿ ಇಟ್ಟುಕೊಂಡಳು. "ನಾನು ಅವತ್ತೇ ಹೇಳಿರಲಿಲ್ವಾ?" ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಎಷ್ಟು ದಿನದಿಂದ ಕಾದಿದ್ದ ಮಾತು ಅದು. ಅಷ್ಟರಲ್ಲಿ ಹೆಲ್ಮೆಟ್ ಹಾಕಿಕೊಂಡ ಒಬ್ಬ ಹೆಂಗಸು ಸ್ಕೂಟರಿನಲ್ಲಿ ನಮ್ಮನ್ನು ದಾಟಿ ಹೋದಳು. ಹಾಲಮ್ಮ ಆಟೋದ ಕಂಬಿ ಗಟ್ಟಿಯಾಗಿ ಹಿಡಿದುಕೊಂಡು, "ಜಗದಕ್ಕ, ಅದು ನಾನ್ ತುರಿದಿದ್ದು" ಎಂದಳು. ನನ್ನ ಮಾತು ನಾಲಿಗೆಯಲ್ಲೇ ಉಳಿಯಿತು.

ಮರುದಿನದಿಂದ ಶಿವಯೋಗಪ್ಪನವರ ಮೊಪೆಡ್ಡಿನ ಮುಂದೆ ಒಂದು ಗೋಣಿಚೀಲ. ಅದರಲ್ಲಿ ವಿಶ್ವಾರಾಧ್ಯರು ಕೊಟ್ಟ ಹೊಸ ಥರ್ಮಾಕೋಲ್ ಬಟ್ಟಲುಗಳು. ತುರಿದ ಬಟ್ಟಲು ಕಿತ್ತು ಹೊಸದು ಕೂರಿಸಿದರೆ ಹೆಲ್ಮೆಟ್ ಮೊದಲಿನ ಹಾಗಾಗುತ್ತದೆ. ಹಾಲಮ್ಮ ಎಲ್ಲಿಯೂ ಬರೆದಿಟ್ಟವಳಲ್ಲ. ಅವಳಿಗೆ ಹೆಲ್ಮೆಟ್ಟುಗಳು ನೆನಪಿದ್ದದ್ದು ತುರುಬುಗಳಿಂದ. "ಗುಂಗುರು ಕೂದಲಿನೋಳು, ಸೊಟ್ಟ ತುರುಬು, ಜನ್ನಾಪುರದ ಕಡೆ ಮನೆ" ಎಂದು ಹೇಳಿಕೊಂಡೇ ಹೋಗಿ ಹುಡುಕಿದಳು. ಪ್ರತಿ ಮನೆಯ ಹೊಸ್ತಿಲ ಮೇಲೆ ನಿಂತು, "ನಂದು ತಪ್ಪಾಯ್ತು ಕಣಮ್ಮ, ಇದನ್ನ ಹಾಕ್ಬೇಡ" ಎಂದಳು. ಇನ್ನು ಮೇಲೆ ಜನ ಅವಳನ್ನು ಬಯ್ಯುತ್ತಾರೆ, ಹೂವು ನಿಲ್ಲುತ್ತದೆ ಎಂದು ನಾನು ಎಣಿಸಿದ್ದೆ.

ಎಲ್ಲ ಮನೆಯಲ್ಲೂ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಅರಿಶಿನ ಕುಂಕುಮ ಕೊಟ್ಟು, ತಲೆಗೆ ಹೂವು ಮುಡಿಸಿ ಕಳಿಸಿದರು. ಸೀತಾಲಕ್ಷ್ಮಿ ಟೀಚರ್ ಓಣಿಯಲ್ಲಿ ನನ್ನನ್ನು ನಿಲ್ಲಿಸಿ, "ಎಂಥಾ ದೊಡ್ಡ ಮನಸ್ಸು ನೋಡಿ ಹಾಲಮ್ಮಂದು! ತಪ್ಪಾಯ್ತು ಅಂತ ಮನೆ ಬಾಗಿಲಿಗೆ ಬಂದು ಹೇಳೋರು ಈ ಕಾಲದಲ್ಲಿ ಯಾರಿದಾರೆ?" ಎಂದರು.

"ತುರೀಬೇಡ ಅಂತ ನಾನು ಮೊದ್ಲೇ ಹೇಳಿದ್ದೆ ಮೇಡಂ" ಎಂದೆ.

"ಹೌದಾ?" ಎಂದು ಅವರು ನಕ್ಕು ಹೋದರು.

ತುರಿದವಳಿಗೆ ಹೂವು ಬಂತು, ತುರಿದದ್ದನ್ನು ವಾಪಸು ತೆಗೆದುಕೊಂಡಾಗಲೂ ಹೂವು ಬಂತು. ಮೊದಲಿನಿಂದ ಬೇಡ ಎಂದವಳಿಗೆ ಏನೂ ಇಲ್ಲ. ಇಂಥದ್ದಕ್ಕೆ ಯಾರಿಗೆ ದೂರು ಕೊಡುವುದು?

ತುರಿದ ಬಟ್ಟಲುಗಳೆಲ್ಲ ವಾಪಸು ಬಂದವು. ಒಂದು ಬರಲಿಲ್ಲ. ಅದು ನನ್ನ ಮನೆಯಲ್ಲೇ ಇತ್ತು, ಗಗನಾಳ ತಲೆಯ ಮೇಲೆ.

"ಹೊಸ ಬಟ್ಟಲು ಹಾಕಿದ್ರೆ ತುರುಬು ಹಿಡಿಸಲ್ಲ ಅಜ್ಜಿ. ಅಲ್ಲಿ ಹೋಗಿ ಕಟ್ಕೊಳ್ಳೋಕೆ ಪುರುಸೊತ್ತೆಲ್ಲಿದೆ? ಒಳಗೆ ಕಾಲಿಟ್ಟ ತಕ್ಷಣ ಸಿಸ್ಟರ್ ಕರೀತಾರೆ."

"ಪರೀಕ್ಷೆಲಿ ನಾನೇ ಕಣ್ಣಾರೆ ನೋಡಿದೀನಿ ಕಣೆ. ಗೆರೆ ಮೇಲ್ತನಕ ಹೋಯ್ತು."

"ನಿಂಗೆ ಅದು ಖುಷಿ, ಅಲ್ವಾ? ಹಾಲಮ್ಮಜ್ಜಿ ಹೆಲ್ಮೆಟ್ ಫೇಲಾಯ್ತು ಅಂತ."

"ಖುಷಿನೂ ನಿಜ. ಗೆರೆನೂ ನಿಜ. ನೀನು ಆಸ್ಪತ್ರೆಯೋಳು, ತಲೆಗೆ ಏಟು ಬಿದ್ದೋರನ್ನ ನೋಡಿಲ್ವಾ?"

"ನಾನಿರೋದು ಹೆರಿಗೆ ವಾರ್ಡಲ್ಲಿ ಅಜ್ಜಿ. ಭಾನುವಾರ ನೋಡೋಣ ಬಿಡು."

ಭಾನುವಾರ ಬಂದು ಹೋಯಿತು. ಒಂದು ಬೆಳಿಗ್ಗೆ ಹೆಲ್ಮೆಟ್ಟನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಅವಳು ಹುಡುಕಿದಳು, ನನ್ನ ಮುಖ ನೋಡಿದಳು, ತಲೆಗೆ ದುಪ್ಪಟ್ಟಾ ಸುತ್ತಿಕೊಂಡು ಹೊರಟೇಬಿಟ್ಟಳು. ಸಂಜೆ ಅವಳ ಸ್ಕೂಟರಿನ ಸದ್ದು ಕೇಳುವವರೆಗೆ ನಾನು ಒಂದು ಪಟ್ಟಿಯನ್ನೂ ಹೊಲಿಯಲಿಲ್ಲ. ಏನೂ ಇಲ್ಲದ್ದಕ್ಕಿಂತ ತುರಿದದ್ದೇ ವಾಸಿ ಎಂದು ಡಬ್ಬದ ಹಿಂದಿನಿಂದ ತೆಗೆದುಕೊಟ್ಟೆ. ಇಷ್ಟೂ ಗೋಡೆಯ ಆ ಕಡೆಗೆ ಕೇಳಿಸಿತ್ತು.

ಮಾರನೆಯ ಬೆಳಿಗ್ಗೆ ಹಾಲಮ್ಮ ನನ್ನ ಬಾಗಿಲಿಗೆ ಬಂದಳು. ಮುಖ ಬಾಡಿತ್ತು.

"ಜಗದಕ್ಕ, ನಿನ್ನ ಮೊಮ್ಮಗಳ ತಲೆ ಇವತ್ತೊಂದಿನ ನಾನು ಬಾಚ್ಲಾ?"

"ಬಾಚು. ನಂಗೇನು" ಎಂದೆ.

ಗಗನಾ ಅವಳ ಜಗಲಿಯ ಮೆಟ್ಟಿಲ ಮೇಲೆ ಕೂತಳು. ನಾನು ಬಾಚಿದರೆ "ಎಳೀಬೇಡ ಅಜ್ಜಿ" ಎಂದು ಕಿರುಚುವವಳು, ಅಲ್ಲಿ ಕಣ್ಣು ಮುಚ್ಚಿ ಕೂತಿದ್ದಳು.

"ನಿಂದೊಂದು ತಲೆ ಬಾಕಿ ಇದೆ ಕಣೇ ಮಗಾ" ಎಂದಳು ಹಾಲಮ್ಮ, ಬಾಚಣಿಗೆ ಆಡಿಸುತ್ತ. "ಉಳಿದೋರದ್ದೆಲ್ಲ ಬಂತು. ನೀನು ದಿನಾ ಹೊರಟಾಗ ಇಲ್ಲಿ ಕೂತು ನೋಡ್ತೀನಿ. ನೀನು ವಾಪಸ್ ಬರೋತನಕ ಊಟ ಒಳಗಿಳಿಯಲ್ಲ. ನಾನೇ ತುರಿದಿದ್ದಲ್ವಾ."

ಗಗನಾ ಕಣ್ಣು ಬಿಟ್ಟಳು. ನಾನೂ ಇಷ್ಟು ದಿನ ಅದನ್ನೇ ಹೇಳುತ್ತಿದ್ದೆ. ನನ್ನ ಮಾತಿಗೆ ಅವಳು ಕಣ್ಣು ಬಿಡಲಿಲ್ಲ.

ಹಾಲಮ್ಮ ತುರುಬು ಕಟ್ಟಲಿಲ್ಲ. ಬಿಗಿಯಾಗಿ ಒಂದೇ ಜಡೆ ಹಾಕಿದಳು. ಜಡೆಯ ತುದಿಗೆ ಒಂದು ಲಾಡಿಯ ಕುಣಿಕೆ ಹೆಣೆದಳು. ಬುಡದಲ್ಲಿ ಕಪ್ಪು ಪಟ್ಟಿ ಸುತ್ತಿ ಅದಕ್ಕೊಂದು ಕೊಕ್ಕೆ ಹೊಲಿದಿದ್ದಳು. "ಹೆಲ್ಮೆಟ್ ಹಾಕ್ಕೊಳ್ಳೋವಾಗ ಜಡೆ ಬೆನ್ನ ಮೇಲೆ ಇಳಿಬಿಡು. ಆಸ್ಪತ್ರೆ ಬಾಗಿಲಲ್ಲಿ ಹೀಗೆ ಸುತ್ತಿ, ಹೀಗೆ ಮೇಲಕ್ಕೆತ್ತಿ, ಕುಣಿಕೆ ಸಿಕ್ಕಿಸು. ತುರುಬು ಆಯ್ತು. ಬಲೆ ಹಾಕು, ನಡಿ" ಎಂದು ಮಾಡಿ ತೋರಿಸಿದಳು. ಗಗನಾ ತಾನೇ ಮಾಡಿದಳು. ಬಂತು. ಮತ್ತೆ ಬಿಚ್ಚಿ ಮಾಡಿದಳು, ಮತ್ತೆ ಬಂತು.

"ಹಾಲಮ್ಮಜ್ಜಿ! ಸೂಪರ್!" ಎಂದು ಅವಳ ಕೊರಳಿಗೆ ಜೋತುಬಿದ್ದಳು. ಶಿವಯೋಗಪ್ಪನವರು ಆಗಲೇ ಹೊಸ ಬಟ್ಟಲು ಕೂರಿಸಿ ಹೆಲ್ಮೆಟ್ ತಂದು ನಿಂತಿದ್ದರು. ನಾನು ನನ್ನ ಬಾಗಿಲಲ್ಲೇ ನಿಂತಿದ್ದೆ. ಗಗನಾ ತಲೆ ಬಗ್ಗಿಸಿ ಹೆಲ್ಮೆಟ್ ಹಾಕಿಕೊಳ್ಳುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಅವಳ ಕೆಲಸದಲ್ಲಿ ಏನಾದರೂ ಒಂದು ಕೊರತೆ ಇರಲೇಬೇಕು ಎಂದು ನನ್ನ ಕಣ್ಣು ಆಗಿನಿಂದ ಹುಡುಕುತ್ತಿತ್ತು.

"ತಡಿ" ಎಂದು ಹೋಗಿ ಗಗನಾಳ ಜಡೆಯ ಬುಡಕ್ಕೆ ಬೆರಳಿಟ್ಟೆ.

"ಅಜ್ಜೀ, ಮತ್ತೆ ಶುರು ಮಾಡ್ಬೇಡ."

"ಹಾಲಮ್ಮ, ಇದು ಕಬ್ಬಿಣ."

ಅದು ರವಿಕೆಯ ಹುಕ್ಕಿನ ದೊಡ್ಡಣ್ಣನಂಥ ಕೊಕ್ಕೆ. ಸರಿಯಾಗಿ ಹೆಲ್ಮೆಟ್ಟಿನ ಒಳಗೆ ಬರುವ ಜಾಗದಲ್ಲಿತ್ತು.

"ಅಷ್ಟು ಚಿಕ್ಕದಕ್ಕೆ ಏನಾಗುತ್ತಕ್ಕಾ" ಎಂದರು ಶಿವಯೋಗಪ್ಪನವರು. "ಹುಡುಗಿಗೆ ಹೊತ್ತಾಯ್ತು, ಬಿಡಿ."

ಹಾಲಮ್ಮ ನನ್ನನ್ನು ನೋಡಿದಳು. ಆಮೇಲೆ ಕೈ ತನ್ನ ತುರುಬಿಗೆ ಹೋಯಿತು, ಭೀಮೇಶ್ ತೋರಿಸಿದ ಪಿನ್ನು ಇದ್ದ ಜಾಗಕ್ಕೆ. "ನೀವು ಸುಮ್ನಿರ್ರೀ" ಎಂದಳು ಗಂಡನಿಗೆ. "ಜಗದಕ್ಕ ಹೇಳೋದು ಸರಿ. ಗಟ್ಟಿದು ಒಳಗಿರಬಾರ್ದು ಅಂದಿದ್ದ ಆ ಹುಡುಗ. ಮತ್ತೆ ನಾನು ಅದನ್ನೇ ಮಾಡ್ತಿದ್ದೆ."

ನಾನು ಒಳಗೆ ಹೋಗಿ ಹೆಲ್ಮೆಟ್ ಪಟ್ಟಿಯ ಒಂದು ತುಂಡು ತಂದೆ. ಅದರ ನೂಲು ಬಿಡಿಸಿ ಗಂಟು ಹಾಕಿ ಮೆತ್ತಗಿನ ಗುಂಡಿ ಮಾಡಿದೆ. ಕೊಕ್ಕೆ ಕಿತ್ತು, ಗುಂಡಿಯನ್ನು ಹೆಲ್ಮೆಟ್ಟಿನ ಅಂಚಿಗಿಂತ ಕೆಳಗೆ, ಕುತ್ತಿಗೆಯ ಹತ್ತಿರ ಬರುವ ಹಾಗೆ ಸರಿಸಿ ಕೈಹೊಲಿಗೆ ಹಾಕಿದೆ. ಚೌಕ, ಅದರೊಳಗೆ ಗುಣಾಕಾರದ ಗುರುತು. ಎಳೆದು ನೋಡಿದೆ. ಗಗನಾ ಪಾದ ಕುಟ್ಟುತ್ತ ನಿಂತಿದ್ದಳು. ಆ ದಿನ ಅವಳು ಕೆಲಸಕ್ಕೆ ತಡವಾಗಿ ಹೋದಳು, ಬಯ್ಯಿಸಿಕೊಂಡಳು, ಅದಕ್ಕೆ ನಾನೇ ಕಾರಣ ಎಂದು ಸಂಜೆ ಫೋನಿನಲ್ಲಿ ತನ್ನ ಅಮ್ಮನಿಗೆ ಹೇಳಿದಳು.

ಅವಳು ಹೋದ ಮೇಲೆ ಹಾಲಮ್ಮ ತುರಿದ ಹಳೆಯ ಬಟ್ಟಲನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ಜಗಲಿಯ ಮೇಲೆ ಉಸ್ಸೆಂದು ಕೂತಳು.

"ನಿನ್ನ ಕಣ್ಣು ಯಾವಾಗ್ಲೂ ನನ್ನ ಕೆಲ್ಸದ ಮೇಲೇ ಇರುತ್ತೆ ಜಗದಕ್ಕ. ನಂಗೊತ್ತಿಲ್ಲ ಅಂದ್ಕೊಂಡ್ಯಾ?" ಎಂದಳು.

"ಇರುತ್ತೆ" ಎಂದೆ.

"ಇರ್ಲಿ ಬಿಡು, ಹಾಗೇ ಇರ್ಲಿ. ಮಣೆ ಮೇಲೆ ಕೂತ ದಿನಾನೇ ನೀನು ಇನ್ನೊಂದು ಸಲ ಬೈದಿದ್ರೆ ಚೆನ್ನಾಗಿತ್ತು."

ಅವಳ ಗಂಡ ಒಳಗಿನಿಂದ ಎರಡು ಲೋಟ ಕಾಫಿ ತಂದರು. ನನ್ನದಕ್ಕೆ ಸಕ್ಕರೆ ಸಾಕೇ ಎಂದು ಕೇಳಿದರು. ಸಾಲದು ಎಂದೆ.

ಈಗ ಆ ಆಸ್ಪತ್ರೆಯ ಸ್ಕೂಟರ್ ಓಡಿಸುವ ಹುಡುಗಿಯರೆಲ್ಲ ಹಾಗೇ ಜಡೆ ಹಾಕಿಕೊಳ್ಳುತ್ತಾರೆ. ಅದಕ್ಕೆ ಹಾಲಮ್ಮಜ್ಜಿ ಜಡೆ ಎಂದು ಹೆಸರು. ಗುಂಡಿಗಳನ್ನು ನಾನು ಹೊಲಿದು ಕೊಡುತ್ತೇನೆ. ಗುಂಡಿ ಯಾರದೆಂದು ಯಾರೂ ಕೇಳಿಲ್ಲ, ಪಟ್ಟಿ ಯಾರದೆಂದು ಕೇಳದ ಹಾಗೆಯೇ.

ಗಗನಾ ಈಗ ದಿನಾ ಹಾಲಮ್ಮನ ಹತ್ತಿರವೇ ತಲೆ ಬಾಚಿಸಿಕೊಳ್ಳುತ್ತಾಳೆ. ಬೈತಲೆ ಸೊಟ್ಟ ಇರುತ್ತದೆ. ಹಾಲಮ್ಮನಿಗೆ ಕಣ್ಣು ಮಂಜಾಗಿದೆ, ಹೇಳಿದರೆ ಒಪ್ಪುವುದಿಲ್ಲ. ಹೊರಡುವಾಗ ಗಗನಾ "ಹಾಲಮ್ಮಜ್ಜೀ, ಬರ್ತೀನಿ" ಎಂದು ಮೊದಲು ಅಲ್ಲಿ ಕೂಗುತ್ತಾಳೆ. ಆಮೇಲೆ ಸ್ಕೂಟರ್ ನನ್ನ ಬಾಗಿಲಿಗೆ ತಂದು ನಿಲ್ಲಿಸಿ, ಹೆಲ್ಮೆಟ್ ಹಾಕಿಕೊಂಡು, ಗದ್ದ ಮೇಲಕ್ಕೆತ್ತಿ ನನ್ನ ಮುಂದೆ ಬಗ್ಗುತ್ತಾಳೆ. ಪಟ್ಟಿ ಹಾಕುವುದು ನಾನು. ಲಾಕ್ ಟಕ್ಕೆಂದ ಮೇಲೆ ಒಂದು ಸಲ ಎಳೆದು ನೋಡುತ್ತೇನೆ. ಅವಳ ಕೆನ್ನೆ ಒಂದು ಸಲ ಮುಟ್ಟುತ್ತೇನೆ.

ಆಗ ಜಗಲಿಯ ಮೇಲೆ ಬಾಚಣಿಗೆಯಿಂದ ಕೂದಲು ತೆಗೆಯುತ್ತ ಕೂತ ಹಾಲಮ್ಮ ಕೈ ನಿಲ್ಲಿಸಿ ನಮ್ಮ ಕಡೆ ನೋಡುತ್ತಾಳೆ. ಗಂಡ ತಂದಿಟ್ಟ ಕಾಫಿ ಪಕ್ಕದಲ್ಲಿ ಆರುತ್ತಿರುತ್ತದೆ, ಅದನ್ನು ಮುಟ್ಟುವುದಿಲ್ಲ. ಆ ಮುಖ ನನಗೆ ಚೆನ್ನಾಗಿ ಗೊತ್ತು. ನಲವತ್ತೈದು ವರ್ಷದಿಂದ ಅಂಥದೇ ಮುಖ ಹೊತ್ತುಕೊಂಡು ನಾನು ಗೋಡೆಯ ಈ ಕಡೆ ಇದ್ದೇನೆ. ಪಟ್ಟಿಯನ್ನು ಇನ್ನೊಂದು ಸಲ ಎಳೆದು ನೋಡುತ್ತೇನೆ, ಸ್ವಲ್ಪ ನಿಧಾನವಾಗಿ.